ಅಜ್ಜಿ ಟೈರಿಗೆ ಮೂರನೆಯ ತಟ್ಟು

ಟೈರು ಬದಲಾಯಿಸಿದ ಮೇಲೆ ತೌನೋ ಮಾಡಬೇಕಾದ ಕೆಲಸ ಎರಡು. ಗುಡಿಸಲಿನ ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಬೇಕು. ತಟ್ಟಿ, ಬೆನ್ನು ತಿರುಗಿಸಿ ನಿಲ್ಲಬೇಕು. ಒಳಗೆ ಕಾಫಿ ಕುಡಿಯುತ್ತ ಕೂತ ಅವನ ಹೆಂಡತಿ ಐಲಾ ಹೊರಗೆ ಬಂದು, ಕಾರು ಹತ್ತಿ, ಹೆಪ್ಪುಗಟ್ಟಿದ ಕೆರೆಯ ಮೇಲಿನ ಹಾದಿಗೆ ಇಳಿಯುವವರೆಗೆ ಅವನು ಹಿಮದ ಗುಡ್ಡೆಯನ್ನೋ ಪೈನ್ ಮರವನ್ನೋ ನೋಡುತ್ತಿರಬೇಕು. ಕಾರಿಗೆ ಯಾವ ಟೈರು ಹಾಕಿದೆ ಎಂಬುದು ಅವನಿಗೆ ಗೊತ್ತು, ಅವಳಿಗೆ ಗೊತ್ತಾಗಕೂಡದು. ತೌನೋನ ಮುಖವಂತೂ ಗುಟ್ಟು ಇಟ್ಟುಕೊಳ್ಳಲು ಹುಟ್ಟಿದ್ದೇ ಅಲ್ಲ. ಇಸ್ಪೀಟಿನಲ್ಲಿ ಅವನಿಗೆ ಒಳ್ಳೆಯ ಎಲೆ ಬಂದರೆ ಪಕ್ಕದ ಮನೆಯ ನಾಯಿಗೂ ತಿಳಿಯುತ್ತಿತ್ತು. ಹಾಗಾಗಿ ಬೆನ್ನು. ಸುಮಾರು ಮೂವತ್ತು ಚಳಿಗಾಲ ಐಲಾ ಕೆಲಸದ ಹೊತ್ತಿನಲ್ಲಿ ಗಂಡನ ಬೆನ್ನನ್ನು ನೋಡಿದಷ್ಟು ಮುಖವನ್ನು ನೋಡಿರಲಿಲ್ಲ.

ದೂರದ ಉತ್ತರದ ಹಿಮನಾಡಿನಲ್ಲಿ, ಇವಾಲೋ ಊರಿನಿಂದ ಆಚೆ, ಆ ಕೆರೆಯ ಮೇಲೆ, ನವೆಂಬರಿನಿಂದ ಏಪ್ರಿಲಿನವರೆಗೆ ಕಾರಿನ ಚಳಿಗಾಲದ ಟೈರುಗಳ ಪರೀಕ್ಷೆ ನಡೆಯುತ್ತದೆ. ದಕ್ಷಿಣದ ಕಾರ್ಖಾನೆಗಳು ತಮ್ಮ ಹೊಸ ಟೈರನ್ನು ಹೆಸರು ಮರೆಸಿ, ಪಕ್ಕೆಗೆ ಕಪ್ಪು ಬಳಿದು ಕಳಿಸುತ್ತವೆ. ಯಂತ್ರಗಳು ಬೇಕಾದಷ್ಟಿವೆ, ನಿಲ್ಲುವ ದೂರವನ್ನು ಗೇಣು ಬೆರಳಿನ ಲೆಕ್ಕದಲ್ಲಿ ಹೇಳುತ್ತವೆ. ಆದರೆ ತಿರುವಿನಲ್ಲಿ ಟೈರು ಏನು ಮಾಡಲಿದೆ ಎಂಬುದನ್ನು ಮಾಡುವ ಮೊದಲೇ ತಿಳಿಯುವ ಯಂತ್ರ ಇನ್ನೂ ಬಂದಿಲ್ಲ. ಅದು ಓಡಿಸುವವರು ಕೂತ ಜಾಗದಿಂದ ಬೆನ್ನೆಲುಬಿಗೆ ಹತ್ತಿ ಬರಬೇಕು. ಅಲ್ಲಿಯ ಜನ ಅದನ್ನು ಅಂಡಿನ ಅರಿವು ಎಂದೇ ಕರೆಯುತ್ತಾರೆ, ಪಾದ್ರಿಯ ಎದುರಿಗೂ. ಈ ಅರಿವಿನಲ್ಲಿ ಆ ಸೀಮೆಯಲ್ಲಿ ಐಲಾಗೆ ಸಾಟಿಯಾದವರು ಇರಲಿಲ್ಲ. ಅವಳು ಟೈರುಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ ನೆಂಟರಿಷ್ಟರ ಮೇಲೆ ಚಾಡಿ ಹೇಳುತ್ತಿದ್ದಾಳೆ ಅನ್ನಬೇಕು. ಒಂದು ಟೈರು ಬಾಯಿಬಡುಕ, ಕಾರಣವಿಲ್ಲದೆ ಕಿರುಚುತ್ತದೆ. ಇನ್ನೊಂದು ಮುಂಗೋಪಿ. ಮತ್ತೊಂದು ಸಭ್ಯಸ್ಥನ ಹಾಗೆ ಕೈ ಹಿಡಿದುಕೊಂಡೇ ಬಂದು ನಡು ತಿರುವಿನಲ್ಲಿ ಕೈಬಿಡುತ್ತದೆ. ಜಾರುವ ಟೈರನ್ನು ಅವಳು ಕ್ಷಮಿಸುತ್ತಿದ್ದಳು. ಮಂಜುಗಡ್ಡೆಯ ಮೇಲೆ ಜಾರದ್ದು ಯಾವುದಿದೆ? ಹೇಳದೆ ಜಾರುವುದನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ.

ಅಂಕ ಕೊಡುವುದು ಅಲ್ಲಿಯ ಶಾಲೆಗಳಲ್ಲಿ ಕೊಟ್ಟ ಹಾಗೆ, ನಾಲ್ಕರಿಂದ ಹತ್ತು. ನಾಲ್ಕು ಎಂದರೆ ನಪಾಸು. ಓಡಿಸುವವರೂ ಮನುಷ್ಯರೇ ಆದ್ದರಿಂದ ಅವರನ್ನು ಪರೀಕ್ಷಿಸಲು ಹಳೆಯ ನಾಲ್ಕು ಟೈರುಗಳ ಒಂದು ಸೆಟ್ಟು ಇತ್ತು. ಅದರ ಅಡ್ಡಹೆಸರು ಮುಮ್ಮೋ, ಅಂದರೆ ಅಜ್ಜಿ. ಬೆಳಿಗ್ಗೆ ಮೊದಲ ಸುತ್ತು ಎಲ್ಲರಿಗೂ ಗೊತ್ತಿದ್ದೇ ಅಜ್ಜಿಯ ಮೇಲೆ. ಅವಳಿಗೆ ಏಳು ಅಂಕ ಎಂದು ಇಟ್ಟುಕೊಂಡು ಮಿಕ್ಕಿದ್ದನ್ನು ಅಳೆಯಬೇಕು. ಆಮೇಲೆ ದಿನದ ನಡುವೆ ಎಲ್ಲೋ ಎರಡು ಸಲ, ಹೇಳದೆ ಕೇಳದೆ, ಅಜ್ಜಿ ಮತ್ತೆ ಬರುತ್ತಾಳೆ. ಆಗ ಓಡಿಸಿದವರು ಅವಳಿಗೆ ಏಳರ ಆಚೀಚೆ ಅರ್ಧಕ್ಕಿಂತ ಹೆಚ್ಚು ತಪ್ಪಿ ಅಂಕ ಕೊಟ್ಟರೆ ಇಡೀ ದಿನದ ಪರೀಕ್ಷೆ ಕಸದ ಬುಟ್ಟಿಗೆ. ದಿನ ಹಾಳುಮಾಡಿದವರು ಮರುದಿನ ಎಲ್ಲರಿಗೂ ಪುಲ್ಲಾ ತರಬೇಕು, ಏಲಕ್ಕಿ ಹಾಕಿದ ಸಿಹಿ ಬನ್ನು. ಐಲಾ ಅಷ್ಟು ವರ್ಷಗಳಲ್ಲಿ ಪುಲ್ಲಾ ತಂದದ್ದು ಒಂದೇ ಸಲ, ಅದೂ ಜ್ವರ ಬಂದಾಗ.

ಕಳೆದ ಶರತ್ಕಾಲದಲ್ಲಿ ಐಲಾಳ ಬಲ ಸೊಂಟದ ಕೀಲು ತೆಗೆದು ಲೋಹದ್ದು ಕೂರಿಸಿದರು. ನಡೆಯುವುದು ಬೇಗ ಬಂತು, ಮೆಟ್ಟಿಲು ಹತ್ತುವುದೂ ಬಂತು. ಆದರೆ ಅಂಡಿನ ಅರಿವು ಹೊಸ ಲೋಹದ ಮೂಲಕ ಹತ್ತಿ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ನಕ್ಕುಬಿಟ್ಟಿದ್ದರು. ಪರೀಕ್ಷಾ ಮೈದಾನದ ಮುಖ್ಯಸ್ಥೆ ಸಿರ್ಪಾ ನಗಲಿಲ್ಲ. ಐಲಾಗಿಂತ ಚಿಕ್ಕವಳು, ಐಲಾಳ ಪಕ್ಕದ ಸೀಟಿನಲ್ಲಿ ಕೂತೇ ಕೆಲಸ ಕಲಿತವಳು. ಫೆಬ್ರವರಿಯಲ್ಲಿ ಅವಳು ಕೆಲಸಕ್ಕೆ ಮರಳುವ ಹೊತ್ತಿಗೆ ಕಾರ್ಖಾನೆಯೊಂದು ತನ್ನ ಹೊಸ ಟೈರು ಕಳಿಸಿತ್ತು, ಮಂಜುಗಡ್ಡೆ ಕಚ್ಚುವ ಲೋಹದ ಮೊಳೆಯಿಲ್ಲದ್ದು, ಐಲಾಳೇ ಅಂಕ ಕೊಡಬೇಕೆಂದು ಕೇಳಿತ್ತು. ಸಿರ್ಪಾ ಸುತ್ತಿ ಬಳಸದೆ ಹೇಳಿದಳು: ಈ ವಾರದಲ್ಲಿ ಒಂದು ದಿನ ಅಜ್ಜಿಗೆ ಎರಡು ಸಲವೂ ಸರಿಯಾದ ಅಂಕ ಕೊಟ್ಟರೆ ಸೀಟು ನಿನ್ನದು, ಬುಧವಾರದೊಳಗೆ ಆಗದಿದ್ದರೆ ಇನ್ನುಮುಂದೆ ಗುಡಿಸಲಿನಲ್ಲಿ ಕೂತು ಬೇರೆಯವರು ಕೊಟ್ಟ ಅಂಕ ಬರೆದುಕೊಳ್ಳುವ ಕೆಲಸ. ಐಲಾ ಸರಿ ಎಂದಳು. ಈ ಟೈರು ಹಾಕಿಕೊಂಡು ಜನ ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಎದುರಿಗೆ ಹಿಮಸಾರಂಗ ನುಗ್ಗಿದಾಗ ಬ್ರೇಕು ತುಳಿಯುತ್ತಾರೆ. ಗೊತ್ತಾಗದ್ದನ್ನು ಗೊತ್ತಾಯಿತು ಎನ್ನುವವಳಿಗೆ ಆ ಸೀಟು ಕೊಡಬಾರದು ಎಂದು ಸಿರ್ಪಾಗೆ ಕಲಿಸಿದ್ದೇ ಅವಳು.

ತೌನೋಗೆ ಮಾತ್ರ ಇದಕ್ಕೆ ಸರಿ ಎನ್ನಲಾಗಲಿಲ್ಲ. ಹೆಂಡತಿಯನ್ನು ಅವನು ಬಲ್ಲ. ಸೀಟು ಹೋದರೆ ಅವಳು ಅಳುವವಳಲ್ಲ, ಜಗಳಾಡುವವಳಲ್ಲ. ಸುಮ್ಮನೆ ಕುಗ್ಗುತ್ತಾಳೆ, ಅದನ್ನು ಅವನು ದಿನಾ ನೋಡಬೇಕು. ಏನಾದರೂ ಮಾಡೋಣವೆಂದು ಹೊರಟ ಗಂಡಸಿಗೆ ಕೈಗೆ ಸಿಗುವುದು ಅಂಗಡಿ. ಅವನು ಹೋಗಿ ಒಳ್ಳೆಯ ದಪ್ಪ ದಿಂಬೊಂದನ್ನು ತಂದ. ಸೋಮವಾರ ಬೆಳಿಗ್ಗೆ ಅದನ್ನು ಪರೀಕ್ಷೆಯ ಕಾರಿನ ಸೀಟಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ತಟ್ಟಿ ಸರಿಮಾಡಿದ. ಐಲಾ ದಿಂಬನ್ನು ನೋಡಿದಳು, ಅವನನ್ನು ನೋಡಿದಳು, ಅದರ ಮೇಲೆ ಕೂತಳು.

ಸೋಮವಾರ ಅಜ್ಜಿಗೆ ಒಂದು ಸಲ ಎಂಟು ಸಿಕ್ಕಿತು, ಇನ್ನೊಂದು ಸಲ ಆರು. ಗುಡಿಸಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯೌನಿ ಎಂಬ ಇನ್ನೊಬ್ಬ ಟೈರು ಜೋಡಿಸುವವನಿದ್ದ, ಬಾಯಿಗೆ ಬೀಗವಿಲ್ಲದವನು. ಅವನು ಕೂಡ ಕಾಫಿ ಲೋಟದಲ್ಲಿ ಏನೋ ಕಳೆದುಕೊಂಡವನ ಹಾಗೆ ಇಣುಕುತ್ತಿದ್ದ. ಆ ಸಂಜೆ ಐಲಾ ಪುಲ್ಲಾ ನಾದಿದಳು. ತೌನೋ ಪಾತ್ರೆ ತೊಳೆದ. ಕೆಲಸದ ತಿಂಗಳುಗಳಲ್ಲಿ ಮನೆಯೊಳಗೆ ಟೈರಿನ ಮಾತು ಎತ್ತಕೂಡದೆಂಬುದು ಮದುವೆಯಾದ ವರ್ಷದ ಒಪ್ಪಂದ, ಹಾಗಾಗಿ ಇಬ್ಬರೂ ಹಿಟ್ಟು ಉಬ್ಬಿದ್ದರ ಬಗ್ಗೆ ಮಾತಾಡಿದರು.

ಮಂಗಳವಾರ ಬೆಳಿಗ್ಗೆ ಚಳಿ ಬಿಗಿದುಕೊಂಡಿತ್ತು, ಮೂಗಿನ ಕೂದಲು ಒಂದಕ್ಕೊಂದು ಅಂಟುವಂಥದ್ದು. ಪುಲ್ಲಾ ಚೆನ್ನಾಗಿತ್ತು, ಎಲ್ಲರೂ ತಿಂದರು. ಎರಡು ಸುತ್ತು ಮುಗಿದ ಮೇಲೆ ಚಕ್ರ ಬಿಚ್ಚಲು ಕಾರಿನ ಹತ್ತಿರ ಹೋದ ತೌನೋ ಕಿಟಕಿಯಿಂದ ಒಳಗೆ ನೋಡಿದ. ದಿಂಬು ಮುಂದಿನ ಸೀಟಿನಲ್ಲಿರಲಿಲ್ಲ. ಹಿಂದಿನ ಸೀಟಿನ ಕೆಳಗೆ, ಒದ್ದು ಬಿಸಾಡಿದ ಹಾಗೆ ಬಿದ್ದಿತ್ತು. ನೋವು ತಡೆಯಲಾರದೆ ಎಳೆದು ಹಾಕಿರಬೇಕು, ಸಿಟ್ಟಿಗೆ ಎಸೆದಿರಬೇಕು, ಇವತ್ತೂ ತಪ್ಪುತ್ತದೆ ಎಂದು ಅವಳಿಗೇ ಗೊತ್ತಾಗಿರಬೇಕು ಎಂದು ಅವನು ಒಂದರ ಮೇಲೊಂದು ಊಹೆ ಪೇರಿಸಿದ. ಪ್ರೀತಿ ಅತಿಯಾದಾಗ ಮನುಷ್ಯನ ಬುದ್ಧಿಗೆ ಹೀಗೆಯೇ ಮಂಕು ಕವಿಯುತ್ತದೆ. ಸುಮ್ಮನೆ ಹೇಳಿಲ್ಲ ಹಿರಿಯರು, ಅತಿ ಸ್ನೇಹ ಗತಿ ಕೇಡು ಎಂದು.

ಮುಂದಿನ ಸುತ್ತಿಗೆ ಹಾಕಬೇಕಾಗಿದ್ದುದು ಅಜ್ಜಿ. ತೌನೋ ನಾಲ್ಕೂ ಚಕ್ರ ಬಿಗಿದ, ಗುಡಿಸಲಿನ ಬಾಗಿಲಿಗೆ ಬಂದ, ಎರಡು ಸಲ ತಟ್ಟಿದ. ಕೈ ಕೆಳಗಿಳಿಯಬೇಕಿತ್ತು. ಇಳಿಯಲಿಲ್ಲ. ಇನ್ನೊಂದು ತಟ್ಟು ತಟ್ಟಿತು, ಮೆತ್ತಗೆ, ಗುಬ್ಬಿ ಕುಕ್ಕಿದಷ್ಟು, ಇದು ಅಜ್ಜಿ ಎಂದು.

ತಟ್ಟಿದ ಕೂಡಲೆ ಅವನು ಬೆನ್ನು ತಿರುಗಿಸಿ ನಿಂತ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಕಾವಲಿಗೆ ನಿಂತ ಹಾಗೆ. ಹಿಂದೆ ಬಾಗಿಲು ತೆರೆಯಿತು. ಐಲಾಳ ಹೆಜ್ಜೆ, ಒಂದು ಹಗುರ ಒಂದು ಭಾರ, ಹೊರಗೆ ಬಂದು ಅವನ ಬೆನ್ನ ಹಿಂದೆ ನಿಂತಿತು. ಕಿವಿ ಸುಡುವಷ್ಟು ಹೊತ್ತು ನಿಂತಿತು. ಆಮೇಲೆ ಕಾರಿನ ಬಾಗಿಲು ಹಾಕಿಕೊಂಡ ಸದ್ದು.

ಸುತ್ತು ಮುಗಿಸಿ ಬಂದ ಐಲಾ ಅಂಕ ಹೇಳಲಿಲ್ಲ. ಸಿರ್ಪಾ ಪೆನ್ನು ಹಿಡಿದು ಕಾಯುತ್ತಿದ್ದಳು.

"ಇವತ್ತಿಂದು ಬಿಸಾಕು," ಐಲಾ ಹೇಳಿದಳು. "ಓಡಿಸೋಕೆ ಮುಂಚೇನೇ ನಂಗೆ ಗೊತ್ತಾಗೋಯ್ತು, ಅದು ಅಜ್ಜಿ ಅಂತ."

"ಹ್ಯಾಗೆ ಗೊತ್ತಾಯ್ತು?"

"ಗೊತ್ತಾಯ್ತು."

ಸಿರ್ಪಾ ಬಾಗಿಲಲ್ಲಿ ನಿಂತಿದ್ದ ತೌನೋನ ಕಡೆ ನೋಡಿದಳು. ಅವನ ಮುಖ ಎಂಥದು ಎಂದು ಆಗಲೇ ಹೇಳಿದ್ದೇನೆ. ಅವಳು ಪೆನ್ನಿನ ಮುಚ್ಚಳ ಹಾಕಿ, ನಾಳೆ ಚಕ್ರ ಬದಲಾಯಿಸುವುದು ಯೌನಿ ಎಂದಷ್ಟೇ ಹೇಳಿದಳು. ನಾಳೆಯೇ ಕೊನೆಯ ದಿನ ಎಂದು ಯಾರಿಗೂ ನೆನಪಿಸಬೇಕಾಗಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಸಾಲ್ಮನ್ ಮೀನಿನ ಸಾರು. ಸಂಜೆ ಅಂಗಳದಾಚೆಯ ಸೌನಾ, ಅಂದರೆ ಹಬೆ ಸ್ನಾನದ ಕೋಣೆ, ಬಿಸಿಯಾದಾಗ ಇಬ್ಬರೂ ಎಂದಿನಂತೆ ಹೋಗಿ ಮೇಲಿನ ಹಲಗೆಯ ಮೇಲೆ ಕೂತರು. ತೌನೋ ತನ್ನ ಟವಲನ್ನು ನಾಲ್ಕು ಮಡಿಕೆ ಮಾಡಿ ಅವಳ ಕಡೆ ಸರಿಸಿದ, ಮೆತ್ತಗಿರಲಿ ಎಂದು. ಐಲಾ ಅದನ್ನು ಎತ್ತಿ ಅವನ ತೊಡೆಯ ಮೇಲೆ ಒಗೆದಳು.

"ಇನ್ನೊಂದ್ಸಲ ನನ್ನ ಕೆಳಗೆ ಏನಾದ್ರೂ ಮೆತ್ತಗಿಂದು ತುರುಕಿದ್ರೆ ನೋಡು."

"ನೋವಾಗತ್ತಲ್ಲ ಅಂತ."

"ನೋವು ನಂದು ಕಣಯ್ಯ. ಇರಲಿ ಬಿಡು ಅದು, ಅದೂ ಸುದ್ದಿ ಹೇಳತ್ತೆ." ಅವಳು ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದಳು, ಹಬೆ ಎದ್ದಿತು. "ಸೋಮವಾರ ನಿನ್ನ ದಿಂಬಿನ ಮೇಲೆ ಕೂತು ಏನೂ ಕೇಳಿಸ್ಲಿಲ್ಲ. ಬಾಗಿಲು ಹಾಕ್ಕೊಂಡು ಪಕ್ಕದ್ಮನೆ ಜಗಳ ಕೇಳಿದ ಹಾಗೆ. ಇವತ್ತು ಬೆಳಿಗ್ಗೆ ಎತ್ತಿ ಎಸೆದೆ. ಎಲ್ಲಾ ಮೊದಲಿನ ಹಾಗೇ ಬಂತು. ಸೊಂಟದಲ್ಲಿ ಅಲ್ಲ, ಸ್ವಲ್ಪ ಎಡಕ್ಕೆ. ಆದ್ರೆ ಬಂತು."

ತೌನೋ ಟವಲನ್ನು ಬಿಚ್ಚಿದ, ಮತ್ತೆ ಮಡಿಸಿದ.

"ಇವತ್ತು ಅಜ್ಜೀನ ಓಡಿಸಿದೆನಲ್ಲ," ಐಲಾ ಹೇಳಿದಳು, "ಆರೂಮುಕ್ಕಾಲು ಅನ್ನಿಸ್ತು. ಪಾಸಾಗ್ತಿದ್ದೆ. ಈಗ ಹೇಳು, ಆ ಆರೂಮುಕ್ಕಾಲು ಹೇಳಿದ್ದು ನನ್ನ ಅಂಡೋ ನಿನ್ನ ಬೆರಳೋ? ಅದಿನ್ನು ನಂಗೆ ಯಾವತ್ತೂ ಗೊತ್ತಾಗಲ್ಲ."

ನಿನಗೋಸ್ಕರ ಮಾಡಿದೆ ಎಂದು ಅವನು ಹೇಳಬಹುದಾಗಿತ್ತು. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಕೋಪ.

"ಇಷ್ಟು ವರ್ಷ ನೀನು ಬೆನ್ನು ತಿರುಗಿಸಿ ನಿಂತೆ," ಅವಳು ಎದ್ದು ನಿಂತಳು, "ಇವಳಿಗೆ ನನ್ನ ಸಹಾಯ ಬೇಡ ಅಂತ ಅದರ ಅರ್ಥ ಅಂದ್ಕೊಂಡಿದ್ದೆ. ನಾನು ಸೋತೆ ಅಂತ ನಂಗಿಂತ ಮುಂಚೆ ನೀನು ತೀರ್ಮಾನ ಮಾಡ್ಬಿಟ್ಟಿದ್ದೆಯಲ್ಲೋ."

ಅವಳು ಹೋದ ಮೇಲೆ ತೌನೋ ಬೆಂಕಿ ಆರುವವರೆಗೆ ಅಲ್ಲೇ ಕೂತಿದ್ದ. ನಾಚಿಕೆಯಾಯಿತು. ಗಟ್ಟಿ ಮನುಷ್ಯ, ಚಕ್ರದ ಬೋಲ್ಟುಗಳನ್ನು ಬರಿಗೈಯಲ್ಲಿ ಸಡಿಲಿಸುವವನು, ಕಣ್ಣು ಒರೆಸಿಕೊಂಡ. ಬೆವರು ಎಂದುಕೊಳ್ಳಲು ಅಲ್ಲಿ ಅನುಕೂಲವಿತ್ತು.

ಬುಧವಾರ ಬೆಳಿಗ್ಗೆ ಗುಡಿಸಲಿನಲ್ಲಿ ಎಲ್ಲರೂ ಐಲಾಳ ಚೀಲದ ಕಡೆ ನೋಡಿದರು. ದಿನ ಹಾಳಾದದ್ದು ಅವಳ ಕೈಯಲ್ಲಿ, ಪುಲ್ಲಾ ತರಬೇಕಾದವಳು ಅವಳು. ಚೀಲದಲ್ಲಿ ಏನೂ ಇರಲಿಲ್ಲ. ಅವಳ ಹಿಂದೆ ಬಂದ ತೌನೋ ಬಟ್ಟೆ ಸುತ್ತಿದ ತಟ್ಟೆಯೊಂದನ್ನು ಮೇಜಿನ ಮೇಲೆ ಇಟ್ಟ. ಬಟ್ಟೆ ತೆಗೆದರೆ ಪುಲ್ಲಾ. ಅಂದರೆ ಪುಲ್ಲಾ ಆಗಲು ಹೊರಟು ದಾರಿಯಲ್ಲಿ ಮನಸ್ಸು ಬದಲಾಯಿಸಿದ ಪದಾರ್ಥ. ಮೇಲೆ ಸೀದು, ನಡುವೆ ಕುಸಿದು, ಒಂದೊಂದು ಒಂದೊಂದು ಆಕಾರ. ಬೆಳಗಿನ ಜಾವ ಎದ್ದು ಒಬ್ಬನೇ ಮಾಡಿದ್ದ. ಹುಟ್ಟಿದಾಗಿನಿಂದ ಅವನು ಹಿಟ್ಟು ಮುಟ್ಟಿದ್ದು ಅದೇ ಮೊದಲು.

ತಟ್ಟೆಯನ್ನು ಯಾರು ತಂದನೋ ತಪ್ಪೂ ಅವನದೇ. ಹೇಳಿಕೆ ಬೇಕಾಗಲಿಲ್ಲ, ವಿವರಣೆಯೂ ಬೇಕಾಗಲಿಲ್ಲ. ಸಿರ್ಪಾ ಒಂದು ತೆಗೆದುಕೊಂಡು ಕಾಫಿಯಲ್ಲಿ ಅದ್ದಿ, ಅದು ನೆನೆಯಲಿ ಎಂದು ಕಾದಳು. ಯೌನಿ ಕಚ್ಚಿ ನೋಡಿ, ಹಲ್ಲು ನೆಟ್ಟಗಿವೆಯೇ ಎಂದು ನಾಲಗೆ ಆಡಿಸಿದ. ಅವನು ಮೊಳೆ ಟೈರಿನ ಕಟ್ಟಾ ಭಕ್ತ. ಮೊಳೆಯಿಲ್ಲದ ಟೈರಿನವರೆಲ್ಲ ನಾವು ಗೀರಿ ಹದ ಮಾಡಿದ ರಸ್ತೆಯಲ್ಲಿ ಬಿಟ್ಟಿ ಓಡಾಡುವವರು ಎಂದು ದಿನಕ್ಕೊಮ್ಮೆ ಹಂಗಿಸದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಇದಕ್ಕೂ ಮೊಳೆ ಹೊಡೆದಿದ್ದೀಯೇನೋ ತೌನೋ?" ಅವನು ಕೇಳಿದ.

ಗುಡಿಸಲಿಗೆ ಉಸಿರು ಬಂತು. ಐಲಾ ನಗಲಿಲ್ಲ, ಪುಲ್ಲಾ ಮುಟ್ಟಲೂ ಇಲ್ಲ. ಕಾರಿನ ಹತ್ತಿರ ಹೋಗಿ, ಹಿಂದಿನ ಸೀಟಿನ ಕೆಳಗಿನಿಂದ ದಿಂಬನ್ನು ಎಳೆದು ಗಂಡನ ಕೈಗೆ ಕೊಟ್ಟಳು.

"ಇದರ ಮೇಲೆ ನೀನು ಕೂತ್ಕೋ. ದೂರ."

ತೌನೋ ದೂರ ಹೋದ. ಕೆರೆಯ ಅಂಚಿನಲ್ಲಿ ಹಿಮದ ಮೇಲೆ ಎಳೆಯುವ ಹಳೆಯ ಜಾರುಬಂಡಿಯೊಂದನ್ನು ಮಗುಚಿ ಹಾಕಿತ್ತು. ಅದರ ಮೇಲೆ ದಿಂಬು ಹಾಕಿ, ಕೆರೆಗೆ ಬೆನ್ನು ಮಾಡಿ ಕೂತ. ಇವತ್ತು ಬೆನ್ನು ತಿರುಗಿಸಬೇಕೆಂದು ನಿಯಮವೇನೂ ಇರಲಿಲ್ಲ, ಯಾವ ಟೈರು ಹಾಕಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಆದರೂ ಹಾಗೆಯೇ ಕೂತ. ಮುಂದೆ ಪೈನ್ ಮರಗಳು, ಮರಗಳ ತುದಿಯಲ್ಲಿ ಫೆಬ್ರವರಿಯ ತೆಳು ಬಿಸಿಲು.

ಹಿಂದಿನಿಂದ ಸದ್ದು ಬರತೊಡಗಿತು. ಇಷ್ಟು ಚಳಿಗಾಲ ಅವನು ಈ ಸದ್ದನ್ನು ಕೇಳಿಯೇ ಇರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಗೊತ್ತಿದ್ದವನು ಯಾಕೆ ಕೇಳುತ್ತಾನೆ? ಹಿಮದ ನೇರ ಹಾದಿಯಲ್ಲಿ ಟೈರು ಹುರುಳಿ ಬೀಸಿದ ಹಾಗೆ ಮೊರೆಯುತ್ತಿತ್ತು. ಮಂಜುಗಡ್ಡೆಯ ತಿರುವಿಗೆ ಬಂದಾಗ ಮೊರೆತ ನಿಂತು ತೆಳ್ಳಗಿನ ಸಿಳ್ಳು. ಆ ಸಿಳ್ಳಿನಲ್ಲಿ ಐಲಾ ಏನು ಮಾಡುತ್ತಿದ್ದಾಳೆ ಎಂಬುದು ಅವನಿಗೆ ಕಣ್ಣಿಗೆ ಕಟ್ಟುವಂತೆ ಕೇಳಿಸಿತು. ಕಾರನ್ನು ಜಾರುವ ಅಂಚಿಗೆ ತಂದು ಅಲ್ಲೇ ನಿಲ್ಲಿಸುತ್ತಿದ್ದಳು, ಹಾಲು ಉಕ್ಕುವ ಗಳಿಗೆಯಲ್ಲಿ ಉರಿ ತಗ್ಗಿಸುವವಳ ಹಾಗೆ. ಒಮ್ಮೆಯೂ ದುಡುಕಿಲ್ಲ, ಒಮ್ಮೆಯೂ ಅಂಜಿಕೆಯಿಲ್ಲ. ಪ್ರತಿ ಸುತ್ತಿನಲ್ಲಿಯೂ ಅದೇ ಜಾಗಕ್ಕೆ, ಅದೇ ಅಂಚಿಗೆ. ಇಂಥವಳಿಗೆ ನಾನು ಬೆರಳಿನಿಂದ ಪಾಠ ಹೇಳಲು ಹೋಗಿದ್ದೆನಲ್ಲ ಎಂದು ಅವನು ಹಣೆ ಬಡಿದುಕೊಂಡ.

ಒಂದು ಸುತ್ತಿನಲ್ಲಿ ಸಿಳ್ಳು ಬೇರೆಯಾಗಿತ್ತು. ತಿರುವಿಗೆ ಬರುವ ಮೊದಲೇ ಸಣ್ಣಗೆ ಶುರುವಾಗಿ, ನಿಧಾನವಾಗಿ ಏರಿ, ನಿಧಾನವಾಗಿ ಇಳಿಯಿತು. ಎಲ್ಲಿಯೂ ತುಂಡಾಗಲಿಲ್ಲ. ಈ ಕೊರೆಯುವ ಚಳಿಯಲ್ಲಿ ಬೇರೆ ರಬ್ಬರು ಕಲ್ಲಾಗಿ ಕೂರುವಾಗ ಇದು ಮೆತ್ತಗೆ ಉಳಿದು, ತನ್ನ ಮೈಮೇಲಿನ ಸಾವಿರಾರು ಸಣ್ಣ ಸೀಳುಗಳಿಂದ ಮಂಜುಗಡ್ಡೆಯನ್ನು ತಡವಿ ಹಿಡಿಯುತ್ತಿತ್ತು. ಬೇರೆ ಯಾವ ಟೈರಿನಲ್ಲಿಯೂ ಬಾರದ ವೇಗದಲ್ಲಿ ಐಲಾ ಆ ತಿರುವನ್ನು ದಾಟಿದಳು. ತೌನೋ ತನಗರಿವಿಲ್ಲದೆ ಎದ್ದು ನಿಂತಿದ್ದ. ಹೊಸದು ಇದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಯಾರೋ ದಕ್ಷಿಣದಲ್ಲಿ ಕೂತು ಇಂಥದ್ದೊಂದನ್ನು ಮಾಡಿದ್ದಾರೆ, ಇಲ್ಲೊಬ್ಬಳು ಅದು ಏನೆಂದು ತಿಳಿಯಬಲ್ಲಳು. ಎರಡನ್ನೂ ನೆನೆಯುತ್ತ ಅವನು ಮತ್ತೆ ದಿಂಬಿನ ಮೇಲೆ ಕೂತ. ಆದರೆ ಅಜ್ಜಿ ಯಾವಾಗ ಬಂದಳು, ಎಷ್ಟನೆಯ ಸುತ್ತಿನಲ್ಲಿ, ಅವನಿಗೆ ತಿಳಿಯಲಿಲ್ಲ. ಇದಿರಬಹುದು ಎಂದುಕೊಂಡ, ಅಲ್ಲ ಅದಿರಬಹುದು ಎಂದುಕೊಂಡ. ಕೊನೆಗೆ ಕೈಬಿಟ್ಟ.

ಕಾರಿನ ಎಂಜಿನ್ ನಿಂತಿತು. ಗುಡಿಸಲಿನ ಬಾಗಿಲು ತೆರೆದು ಮುಚ್ಚಿತು. ಈಗ ಒಳಗೆ ಯೌನಿ ಯಾವ ಸುತ್ತಿನಲ್ಲಿ ಯಾವುದು ಎಂದು ಹೇಳುತ್ತಿರಬೇಕು, ಸಿರ್ಪಾ ಅಂಕಗಳ ಜೊತೆ ಹೊಂದಿಸುತ್ತಿರಬೇಕು. ಹೋಗಿ ಕೇಳಬಹುದಾಗಿತ್ತು. ತೌನೋ ದಿಂಬಿನ ಮೇಲೆ ಕೂತೇ ಇದ್ದ. ಕಾಲುಗಳು ಮರಗಟ್ಟಿದ್ದವು.

ಹಿಮದ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹಗುರ, ಒಂದು ಭಾರ. ಬೆನ್ನ ಹಿಂದೆ ಬಂದು ನಿಂತಿತು. ಏನನ್ನೋ ಜಗಿಯುವ ಸದ್ದು, ಕಷ್ಟಪಟ್ಟು ಜಗಿಯುವ ಸದ್ದು.

"ಐದೂಕಾಲು," ಐಲಾ ಹೇಳಿದಳು.

ತೌನೋಗೆ ಜೀವ ಹಾರಿಹೋಯಿತು. "ಅಜ್ಜಿಗಾ?"

"ನಿನ್ನ ಪುಲ್ಲಾಗೆ. ಹೊರಗೆ ವಿಪರೀತ ಗಟ್ಟಿ, ಒಳಗೆ ಹಿಡಿತವೇ ಇಲ್ಲ. ಏಲಕ್ಕಿ ಮಾತ್ರ ಪರವಾಗಿಲ್ಲ." ಅವಳು ಮತ್ತೆ ಜಗಿದಳು. "ಹೊಸ ಟೈರಿಗೆ ಒಂಬತ್ತೂಕಾಲು ಕೊಟ್ಟೆ. ಒಂಬತ್ತು ನಾನು ಯಾರಿಗೂ ಕೊಟ್ಟೋಳಲ್ಲ. ಜಾರೋಕೆ ಎಷ್ಟೋ ಮುಂಚೆ ಬಂದು ಹೇಳತ್ತೆ ಅದು, ನೋಡಮ್ಮ ನಾನಿನ್ನು ಜಾರ್ತೀನಿ ಅಂತ. ಯಾವ ಮನುಷ್ಯ ಹಾಗೆ ಹೇಳ್ತಾನೆ?"

ಅವನಿಗೆ ಕೇಳಲು ಹೆದರಿಕೆ, ಕೇಳದಿರಲು ಇನ್ನೂ ಹೆದರಿಕೆ.

"ಅಜ್ಜಿಗೆ ಎಷ್ಟು ಕೊಟ್ಟೆ, ಐಲಾ?"

"ಏಳು," ಅವಳು ಹೇಳಿದಳು. "ಎರಡು ಸಲಾನೂ ಏಳು. ಸೀಟು ನಂದೇ."

ಆಮೇಲೆ ಅವನ ಉಣ್ಣೆಯ ಟೋಪಿಯ ಮೇಲೆ, ನೆತ್ತಿಯ ಹತ್ತಿರ, ಬೆರಳ ಗೆಣ್ಣಿನಿಂದ ತಟ್ಟಿದಳು. ಒಂದು. ಎರಡು. ತೌನೋ ಕಾದ. ಮೂರನೆಯದು ಬರಲಿಲ್ಲ. ಆಗ ಅವನು ಹೆಂಡತಿಯ ಕಡೆ ತಿರುಗಿದ.